ಅರ್ಜಿಯಲ್ಲಿ ಬರೆದ ಎರಡನೆಯ ನಂಬರು

ದ್ರ್ಯಾನೊವೊ
೧೬ ನವೆಂಬರ್ ೨೦೨೩, ಗುರುವಾರ

ನನ್ನ ಮುದ್ದಿನ ಪೆನ್ಕಾ,

ನೀನೂ ನೀನು ನೋಡಿಕೊಳ್ಳುತ್ತಿರುವ ಆ ಅಜ್ಜಿಯೂ ವಲೆನ್ಸಿಯಾದಲ್ಲಿ ಆರಾಮವಾಗಿದ್ದೀರಿ ಎಂದುಕೊಳ್ಳುತ್ತೇನೆ. ಸೆಪ್ಟೆಂಬರಿನಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯಲು ಕೂತಿದ್ದೇನೆ, ಬೈದುಕೋ. ಕೈ ಮುರಿದಿತ್ತು ಎಂದು ನೆಪ ಹೇಳಬಹುದಿತ್ತು. ಆದರೆ ಮುರಿದದ್ದು ಎಡಗೈ, ಬರೆಯುವುದು ಬಲಗೈ, ನಿನಗೆ ಅದು ಗೊತ್ತು.

ಇಲ್ಲಿ ಚಳಿ ಶುರುವಾಗಿದೆ. ಸೌದೆ ತರಿಸಿದ್ದೇನೆ, ಅರ್ಧ ಹಸಿ, ಒಲೆಗೆ ಹಾಕಿದರೆ ಅಳುತ್ತದೆ. ಮಣಿಕಟ್ಟು ಪೂರ್ತಿ ಕೂಡಿಕೊಂಡಿದೆ, ಹೋಟೆಲಿನ ಕೋಣೆಗಳನ್ನು ಗುಡಿಸಲು ವಾರಕ್ಕೆ ಮೂರು ದಿನ ಮತ್ತೆ ಹೋಗುತ್ತಿದ್ದೇನೆ. ಊಟ ಸೇರುತ್ತಿದೆ. ಇಷ್ಟು ಓದಿ ನೀನು, ಅಕ್ಕ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡಿರುತ್ತೀಯ. ಹೌದು, ಮುಚ್ಚಿಟ್ಟಿದ್ದೇನೆ. ಬ್ಯಾಂಕಿನ ಕಂತು ಕಟ್ಟಿದೆಯಾ ಎಂದು ನೀನು ಫೋನಿನಲ್ಲಿ ಮೂರು ಸಲ ಕೇಳಿದೆ, ಮೂರು ಸಲವೂ ಕಟ್ಟಿದೆ ಎಂದೆ. ಅದು ಸುಳ್ಳು. ನೀನು ಕಳಿಸಿದ ದುಡ್ಡು ಲಕೋಟೆಯಲ್ಲಿ ಹಾಗೇ ಇದೆ. ಒಂದು ಲೆವ್ ಕೂಡ ಮುಟ್ಟಿಲ್ಲ. ಯಾಕೆ ಎಂದು ಫೋನಿನಲ್ಲಿ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಈ ಕಾಗದ. ನಿಧಾನವಾಗಿ ಓದು. ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಮಧ್ಯದಲ್ಲೇ ತೀರ್ಮಾನ ಮಾಡಬೇಡ.

ಈ ಸಾಲ ನಿನ್ನ ಭಾವ ಮಿಂಕೊನ ಸಮಾಧಿ ಕಲ್ಲಿಗೆ ತೆಗೆದದ್ದು ನಿನಗೆ ಗೊತ್ತಿದೆ. ಅವನು ಹೋಗಿ ವರ್ಷವಾಗಿತ್ತು, ಮಣ್ಣು ಕೂತಿತ್ತು, ಕಲ್ಲು ನಿಲ್ಲಿಸದಿದ್ದರೆ ಊರವರು ಆಡಿಕೊಳ್ಳುತ್ತಿದ್ದರು. ಕಲ್ಲು ಕೆತ್ತುವ ಕೊಲ್ಯು ಅವನ ಬಾಲ್ಯದ ಗೆಳೆಯ. "ಅತ್ತಿಗೆ, ಇಬ್ಬರ ಹೆಸರೂ ಒಟ್ಟಿಗೇ ಹಾಕ್ಸಿಬಿಡಿ, ಫೋಟೋನೂ ಕೂರಿಸಿಬಿಡ್ತೀನಿ. ಆಮೇಲೆ ಬೇರೆ ಕೆತ್ತಿದ್ರೆ ದುಬಾರಿ ಬೀಳತ್ತೆ" ಎಂದ. ನಾವು ಗಾಬ್ರೊವೊ ಸೀಮೆಯ ಜನ, ಜಿಪುಣತನಕ್ಕೆ ಹೆಸರಾದವರು, ರಿಯಾಯಿತಿ ಎಂದರೆ ಬಿಡುತ್ತೇವೆಯೇ? ಹಾಕಿಸಿದೆ. ಈಗ ಸ್ಮಶಾನಕ್ಕೆ ಹೋದಾಗಲೆಲ್ಲ ಮಿಂಕೊನ ಪಕ್ಕ ನಿಂತು ನಾನೇ ನನ್ನನ್ನು ನೋಡುತ್ತೇನೆ. ಹುಟ್ಟಿದ ವರ್ಷ ಇದೆ, ಗೆರೆ ಇದೆ, ಗೆರೆಯ ಆಚೆ ನುಣ್ಣಗೆ ಖಾಲಿ. ಊರಿನ ಅರ್ಧ ಹೆಂಗಸರ ಕಲ್ಲು ಹಾಗೇ ಇದೆ, ಅದಕ್ಕೆ ನಾನೇನೂ ಹೆದರಿದವಳಲ್ಲ.

ತಪ್ಪು ಮಾಡಿದ್ದು ಸಾಲದ ಅರ್ಜಿ ತುಂಬುವಾಗ. ನೀವು ಸಿಗದಿದ್ದರೆ ಯಾರಿಗೆ ಫೋನು ಮಾಡಬೇಕು ಎಂಬ ಜಾಗ ಒಂದಿತ್ತು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಪಂಚಾಯತಿಯಲ್ಲಿ ಅಂಥ ಜಾಗದಲ್ಲಿ ನಾನು ಬರೆದದ್ದು ಒಂದೇ ಹೆಸರು. ಕೈ ತಾನಾಗಿ ಬರೆಯಿತು. ಗಂಡ ಮಿಂಕೊ, ಅವನ ನಂಬರು. ಮನೆಗೆ ಬಂದ ಮೇಲೆ ಹೊಳೆಯಿತು. ಆ ಫೋನು ಎಲ್ಲಿದೆ ಎಂದು ನಿನಗೂ ಗೊತ್ತು. ಶವಪೆಟ್ಟಿಗೆ ಮುಚ್ಚುವ ಮುಂಚೆ ಅವನ ಕನ್ನಡಕ, ಸಿಗರೇಟಿನ ಜೊತೆ ಕೋಟಿನ ಜೇಬಿಗೆ ಅದನ್ನು ಇಟ್ಟವಳು ನೀನೇ. ತಿದ್ದಲು ಯಾರು ಬಸ್ಸು ಹತ್ತಿ ಗಾಬ್ರೊವೊಗೆ ಹೋಗುತ್ತಾರೆ ಎಂದು ಸುಮ್ಮನಾದೆ.

ಜೂನಿನಲ್ಲಿ ನಾನು ಮೆಟ್ಟಿಲ ಮೇಲಿಂದ ಬಿದ್ದಾಗ ಕೈಯೂ ಹೋಯಿತು, ಫೋನೂ ಒಡೆಯಿತು. ಮೂರು ಕಂತು ತಪ್ಪಿತು. ನಾಚಿಕೆ ಬಿಟ್ಟು ಬ್ಯಾಂಕಿಗೆ ಹೋಗಿ ಮಾತಾಡು ಎಂದು ನೀನು ಬರೆದೆಯಲ್ಲ, ಆ ಕಾಗದ ಓದಿದ ಮರುದಿನವೇ ಹೋದೆ. ಬೆಳಗಿನ ಬಸ್ಸಿನಲ್ಲಿ ಉದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. ಅಲ್ಲಿ ವಿಲಿಯಾನಾ ಎಂಬ ಹುಡುಗಿ, ನಮ್ಮ ಮಕ್ಕಳ ವಯಸ್ಸಿನವಳು, ನನ್ನ ಹೆಸರು ಕೇಳಿದ ಕೂಡಲೇ ನಕ್ಕಳು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ. ನೀವೇನೂ ಹೇಳೋದು ಬೇಡ. ನಿಮ್ಮ ಯಜಮಾನ್ರು ಎಲ್ಲಾ ಹೇಳಿದ್ದಾರೆ."

ಯಾವ ಯಜಮಾನ್ರು ಎಂದೆ.

"ಎಷ್ಟು ಜನ ಇದ್ದಾರೆ ನಿಮಗೆ? ನಿಮ್ಮ ಫೋನು ಹೋಗ್ತಿರ್ಲಿಲ್ಲ, ಅರ್ಜೀಲಿದ್ದ ಎರಡನೇ ನಂಬರಿಗೆ ಮಾಡಿದೆ. ಆಗಸ್ಟಲ್ಲಿ. ಒಂದೇ ರಿಂಗಿಗೆ ಎತ್ತಿದ್ರು."

ಹುಡುಗಿ ಕಂಪ್ಯೂಟರ್ ನೋಡಿಕೊಂಡು ಹೇಳುತ್ತಲೇ ಹೋದಳು. "ಅವಳು ಬಂದು ಕೇಳೋದಿಲ್ಲ ಮಗಳೇ, ನಾಚಿಕೆ ಸ್ವಭಾವ, ಅಂಗಡೀಲಿ ಸಾಲ ಹೇಳೋಕೂ ನನ್ನನ್ನೇ ಕಳಿಸ್ತಿದ್ಲು, ಅಂದ್ರು. ಎಡಗೈ ಮುರಿದಿದೆ, ಕೆಲಸಕ್ಕೆ ಹೋಗೋ ಹಾಗಿಲ್ಲ, ಅಕ್ಟೋಬರ್ ತನಕ ತಡ್ಕೊಳ್ಳಿ, ಅಂದ್ರು. ಕೊಟ್ಟಿದ್ದೀವಿ. ಎಂಥಾ ಮೃದು ಮಾತು ಅಮ್ಮಾ ಅವರದ್ದು."

ಅವನು ಸತ್ತದ್ದು ಕಳೆದ ವರ್ಷ ಮಾರ್ಚಿನಲ್ಲಿ, ನನ್ನ ಕೈ ಮುರಿದದ್ದು ಈ ಜೂನಿನಲ್ಲಿ. ಬೇರೆ ಏನಾದರೂ ಹೇಳಿದರಾ ಎಂದು ಮಾತ್ರ ಕೇಳಿದೆ.

"ಸಾಲ ಯಾತಕ್ಕೆ ಅಂತ ನಾವು ಕೇಳಲೇಬೇಕಲ್ಲ, ಕೇಳಿದೆ. ಮನೆ ಕೆಲಸಕ್ಕೆ ಅಂದ್ರು. ನನ್ನ ಕಡೆದೆಲ್ಲಾ ಮುಗೀತು, ಅವಳ ಭಾಗ ಸ್ವಲ್ಪ ಬಾಕಿ ಇದೆ, ಅದಕ್ಕೇನೂ ಆತುರ ಇಲ್ಲ, ಅಂದ್ರು. ಪಕ್ಕದಲ್ಲಿ ನಲ್ಲಿ ತೊಟ್ಟಿಕ್ತಾ ಇತ್ತು ಅಮ್ಮಾ. ಮೊದಲು ಅದನ್ನ ರಿಪೇರಿ ಮಾಡಿಸಿ ಅಂತ ತಮಾಷೆ ಮಾಡಿದೆ."

ಫೋನಿನ ಮಾತೆಲ್ಲ ಅಲ್ಲಿ ರೆಕಾರ್ಡ್ ಆಗುತ್ತದಂತೆ. ಕೇಳಿಸಮ್ಮಾ ಎಂದು ಕೈ ಹಿಡಿದು ಬೇಡಿದೆ. ಆಗುವುದಿಲ್ಲ, ಮಾತಾಡಿದವರೇ ಗುರುತಿನ ಚೀಟಿ ತಂದು ಅರ್ಜಿ ಕೊಡಬೇಕು ಎಂದಳು. ನಾನು ನಕ್ಕುಬಿಟ್ಟೆ. ಅವಳು ನನ್ನನ್ನು ಒಂಥರಾ ನೋಡಿದಳು. ಹೊರಡುವಾಗ, "ಈಗ ನಿಮ್ಮ ಹೊಸ ಫೋನು ಇದೆಯಲ್ಲ, ಆ ಎರಡನೇ ನಂಬರು ತೆಗೆದುಬಿಡ್ಲಾ?" ಎಂದಳು. ಬೇಡ ಎಂದೆ, ಅದು ಇರಲಿ.

ಕೊಲ್ಯುವಿಗೆ ಹೇಳಿದೆ. ಅವನು ಉಳಿ ಕೆಳಗಿಟ್ಟು, "ಕಂಪನಿಯೋರು ನಂಬರನ್ನ ಸುಮ್ನೆ ಇಟ್ಕೋತಾರಾ ಅತ್ತಿಗೆ? ಬೇರೆ ಯಾವನಿಗೋ ಕೊಟ್ಟಿರ್ತಾರೆ. ಅವನ್ಯಾವನೋ ತರಲೆ ನನ್ಮಗ, ಆಟ ಆಡಿದ್ದಾನೆ" ಎಂದ. ಆ ತರಲೆಗೆ ನನ್ನ ಎಡಗೈ ಮುರಿದದ್ದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಕೊಲ್ಯು ಮತ್ತೆ ಉಳಿ ಎತ್ತಿಕೊಂಡ. ಈ ವಿಷಯ ಊರಿನಲ್ಲಿ ಬೇರೆ ಯಾರಿಗೂ ಹೇಳಬೇಡಿ ಎಂದ.

ಅಕ್ಟೋಬರ್ ಬಂತು. ದುಡ್ಡು ಲಕೋಟೆಯಲ್ಲಿತ್ತು, ಬಸ್ಸು ಮನೆ ಮುಂದೆ ನಿಲ್ಲುತ್ತದೆ. ನಾನು ಹೋಗಲಿಲ್ಲ. ಕಂತು ತಪ್ಪಿದರೆ ಇಪ್ಪತ್ತನೇ ತಾರೀಕು ವಿಲಿಯಾನಾ ಫೋನು ಮಾಡುತ್ತಾಳೆ. ಅವಳು ನನಗೆ ಮಾಡಿದಾಗ ನಾನು ಎತ್ತಲಿಲ್ಲ. ಆಮೇಲೆ ಅವಳು ಅವನಿಗೆ ಮಾಡಿದಳು. ಸೋಮವಾರ ಬ್ಯಾಂಕು ತೆರೆದ ಕೂಡಲೇ ನಾನು ಅವಳ ಮುಂದೆ ಕೂತಿದ್ದೆ. ಕಂತು ಕಟ್ಟಲು ಬಂದೆ ಎಂದುಕೊಂಡಳು ಪಾಪ. ಅವನು ಏನಂದ ಎಂದು ಕೇಳಲು ಹೋಗಿದ್ದೆ. ಕೈ ಹೇಗಿದೆ ಅವಳದ್ದು ಎಂದು ಕೇಳಿದನಂತೆ. ಇಲ್ಲಿ ಚಳಿ ಜಾಸ್ತಿ, ಅವಳು ಬೆಚ್ಚಗಿರಲಿ ಎಂದನಂತೆ. ಅಷ್ಟೇ.

ಸತ್ತವರ ಶನಿವಾರ ಎಲ್ಲರ ಹಾಗೆ ನಾನೂ ಬೇಯಿಸಿದ ಗೋಧಿ, ವೈನು ತೆಗೆದುಕೊಂಡು ಹಗಲಿಗೇ ಸ್ಮಶಾನಕ್ಕೆ ಹೋದೆ. ಮಿಂಕೊನ ಕಲ್ಲಿನಿಂದ ನಾಲ್ಕು ಹೆಜ್ಜೆಗೆ ಕಲ್ಲು ತೊಳೆಯುವ ನಲ್ಲಿ ಇದೆ. ತೊಟ್ಟಿಕ್ಕುತ್ತಿತ್ತು. ಎಷ್ಟು ತಿರುಗಿಸಿದರೂ ನಿಲ್ಲಲಿಲ್ಲ. ಸುತ್ತ ಜನ ಊಟ ಹಂಚುತ್ತಾ ಅವರಿವರ ಮದುವೆಯ ಸುದ್ದಿ ಆಡುತ್ತಿದ್ದರು. ನಾನು ಕಿವಿಯನ್ನು ಮಣ್ಣಿಗೆ ಇಡಲಿಲ್ಲ, ಜನ ಇದ್ದರಲ್ಲ ಅದಕ್ಕೆ. ಇಲ್ಲದಿದ್ದರೆ ಇಡುತ್ತಿದ್ದೆ, ನಿನ್ನ ಹತ್ತಿರ ಸುಳ್ಳು ಯಾಕೆ.

ಈಗ ನೀನು ಹೆದರುವ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಈ ತಿಂಗಳು ಮುಗಿಯುವುದರೊಳಗೆ ಬಾಕಿ ಕಟ್ಟದಿದ್ದರೆ ನನ್ನ ಕಡತ ವಿಲಿಯಾನಾಳ ಕೈಬಿಟ್ಟು ಕೋರ್ಟಿನವರಿಗೆ ಹೋಗುತ್ತದೆ. ಅವರು ಪಿಂಚಣಿ ಹಿಡಿಯುತ್ತಾರೆ, ಆಮೇಲೆ ಮನೆಗೆ ಬರುತ್ತಾರೆ. ಅವರು ಫೋನು ಮಾಡುವವರಲ್ಲ, ಬಾಗಿಲಿಗೆ ಚೀಟಿ ಅಂಟಿಸುವವರು. ಆ ಬಾಗಿಲ ಮೇಲೆ ಈಗಾಗಲೇ ನಾವು ಅಂಟಿಸಿದ, ಮಿಂಕೊನ ಫೋಟೋ ಇರುವ ಮರಣದ ಚೀಟಿ ಇದೆ, ಇನ್ನೊಂದಕ್ಕೆ ಜಾಗ ಇಲ್ಲ. ಅದಕ್ಕೇ ಮಂಗಳವಾರ ಮೊದಲ ಬಸ್ಸಿಗೆ ಹೋಗಿ, ಬಾಕಿಯನ್ನೆಲ್ಲ ಕಟ್ಟಿ ರಸೀದಿಯನ್ನು ನಿನಗೆ ಕಳಿಸುತ್ತೇನೆ. ನಮ್ಮ ಅಮ್ಮನ ಆಣೆ. ಇವತ್ತೇ ಯಾಕೆ ಹೋಗಬಾರದು ಎನ್ನುತ್ತೀಯ. ಸೋಮವಾರ ಇಪ್ಪತ್ತನೇ ತಾರೀಕು. ವಿಲಿಯಾನಾ ಇನ್ನೊಂದೇ ಒಂದು ಸಲ ಅವನಿಗೆ ಫೋನು ಮಾಡಲಿ. ಕಟ್ಟಿದ ಮೇಲೆ ಅವಳಿಗೆ ಅವನ ಹತ್ತಿರ ಏನು ಕೆಲಸ?

ದೇವರ ತಾಯಿ ನಿನ್ನನ್ನು ಕಾಯಲಿ, ನಿನ್ನ ಸೊಂಟ ನೋವು ಇಳಿಯಲಿ. ಆ ಅಜ್ಜಿಯನ್ನು ಒಬ್ಬಳೇ ಎತ್ತಬೇಡ. ಈಸ್ಟರಿಗೆ ಬಾ, ಮೊಟ್ಟೆಗಳಿಗೆ ಇಬ್ಬರೂ ಸೇರಿ ಕೆಂಪು ಬಣ್ಣ ಹಾಕೋಣ.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಅಕ್ಕ
ನೆದ್ಯಾಲ್ಕಾ

ಮರೆತದ್ದು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಆ ನಂಬರಿಗೆ ನೀನೇ ಯಾಕೆ ಮಾಡಲಿಲ್ಲ ಎಂದು ನೀನು ಕೇಳೇ ಕೇಳುತ್ತೀಯ. ಅವನು ಹೋದ ದಿನ ಬೆಳಿಗ್ಗೆ ಹೊಸ ಕಾರ್ಪೆಟ್ಟಿನ ಮೇಲೆ ಕೆಸರು ಬೂಟಿನಲ್ಲಿ ನಡೆದ. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಪ್ಲಮ್ ಗಿಡಗಳ ಕೊಂಬೆ ಕತ್ತರಿಸಲು ತೋಟಕ್ಕೆ ಹೋದ. ಹನ್ನೊಂದು ಗಂಟೆಗೆ ಅಲ್ಲಿಂದ ಫೋನು ಬಂತು, ಅವನ ಹೆಸರು ನೋಡಿದೆ, ಮಗುಚಿಟ್ಟೆ. ಮತ್ತೆ ಬಂತು. ಮೂರನೇ ಸಲವೂ ಬಂತು. ಅನುಭವಿಸಲಿ ಎಂದು ಬ್ರೆಡ್ಡಿನ ಹಿಟ್ಟು ನಾದುತ್ತಾ ನಿಂತೆ. ತೋಟದಲ್ಲಿ ಬಿದ್ದ ಮೇಲೆ ಅವನು ಒಂದು ಗಂಟೆ ಬದುಕಿದ್ದ ಎಂದು ಡಾಕ್ಟರು ಹೇಳಿದ್ದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ, ನಿನಗೂ ಸಹ.

ಸೋಮವಾರ ಮಾತಾಡುವಾಗ, ನೆದ್ಯಾಲ್ಕಾ ತಪ್ಪಾಯಿತು ಎಂದಳು ಎಂದು ಅವನಿಗೆ ಹೇಳಮ್ಮಾ ಎಂದು ವಿಲಿಯಾನಾಳನ್ನು ಕೇಳಿಕೊಂಡಿದ್ದೇನೆ. "ಗಂಡ ಹೆಂಡ್ತಿ ಜಗಳಕ್ಕೂ ಬ್ಯಾಂಕೇ ಬೇಕಾ? ನೀವೇ ಹೇಳಿ" ಎಂದು ನಕ್ಕಳು. ದಿನಾ ಮೂರು ಸಲ ಮಾಡುತ್ತೇನೆ ಪೆನ್ಕಾ. ರಿಂಗಾಗುತ್ತದೆ. ಬ್ಯಾಂಕಿನವರು ಮಾಡಿದರೆ ಎತ್ತುತ್ತಾನೆ, ನಾನು ಮಾಡಿದರೆ ಎತ್ತುವುದಿಲ್ಲ.