ಏಳನೆಯ ಚುಕ್ಕೆ

ವಾರದ ಮೊದಲ ದಿನ, ಮಧ್ಯಾಹ್ನ

ಪ್ರೀತಿಯ ಗೆಳತಿ,

ಚೆನ್ನಾಗಿದ್ದೀಯೇನೇ? ನಿನ್ನ ಓಲೆ ಬಂದು ಮೂರು ತಿಂಗಳಾಯಿತು. ಇವಳಿಗೆಷ್ಟು ಸೊಕ್ಕು ಅಂದುಕೊಂಡಿರ್ತೀಯ. ಉಣ್ಣೆಗೆ ಬಣ್ಣ ಹಾಕಿ ಹಾಕಿ ಬೆರಳು ಮಡಚೋದಿಲ್ಲ, ಬರೆಯೋಕೆ ಕೂತರೆ ಕಣ್ಣು ಮಂಜು. ತಪ್ಪಾಯಿತು, ಬೈದುಕೋ.

ಇಲ್ಲಿನ ಸುದ್ದಿ ಕೇಳು. ಶಿಲುಬೆಗೆ ಹಾಕಿದ ನಮ್ಮ ಗುರುಗಳು ಮೂರನೆಯ ದಿನ ಎದ್ದರಲ್ಲ, ಆ ಬೆಳಗ್ಗೆಯ ಸಂಗತಿಯನ್ನು ಸಭೆಯವರು ಬರೆದಿಡುತ್ತಿದ್ದಾರೆ. ಸಮಾಧಿಗೆ ಹೋದ ಹೆಂಗಸರಲ್ಲಿ ಉಳಿದವರು ನಾವಿಬ್ಬರೇ. ನೀನು ದೂರ, ಹಾಗಾಗಿ ನಾನೇ ಸಾಕ್ಷಿ. ಲಿಪಿಕಾರ ಒಂದೊಂದು ಸಾಲು ಓದುತ್ತಾನೆ, ನಾನು ‘ಕಂಡೆ’ ಅಂದರೆ ಪಕ್ಕದಲ್ಲಿ ಚುಕ್ಕೆ ಇಡುತ್ತಾನೆ. ಚುಕ್ಕೆಯಿಲ್ಲದ ಸಾಲನ್ನು ಯಾರೂ ನಕಲು ಮಾಡುವ ಹಾಗಿಲ್ಲ.

ಅಯ್ಯೋ, ಏನೇನು ಸೇರಿಸಿದ್ದರು ಅಂತೀಯ! ಬೆಟ್ಟ ಬಾಗಿತಂತೆ, ಹಕ್ಕಿಗಳು ಮನುಷ್ಯರ ಹಾಗೆ ಹಾಡಿದವಂತೆ. ಕಟ್ಟುಕಥೆ ಬೇಡ ಕಣಪ್ಪ, ಅಳಿಸು ಅಂತ ರೇಗಿದೆ. ಕೇಳುವವರಿಗೆ ಧೈರ್ಯ ಬೇಕಲ್ಲಮ್ಮ ಅಂತ ಸಭೆಯ ಹಿರಿಯ ನಯವಾಗಿ ರಾಗ ಎಳೆದ. ಸುಳ್ಳಿಗೆ ಜೋತುಬಿದ್ದು ಎಂಥಾ ಧೈರ್ಯ ಅಂತ ಅವನ ಬಾಯಿ ಮುಚ್ಚಿಸಿದೆ.

ಕಡೆಗೆ ಉಳಿದದ್ದು ಏಳು ಸಾಲು. ‘ಒಳಗೆ ಇಣುಕಿದೆವು, ಸಮಾಧಿ ಬರಿದಾಗಿತ್ತು’ ಅನ್ನೋದು ಏಳನೆಯದು. ಅದಕ್ಕೂ ಕಂಡೆ ಅಂದೆ. ಲಿಪಿಕಾರ ಚುಕ್ಕೆ ಇಟ್ಟು, ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡ.

ನನ್ನ ಮಗನ ವಿಷಯ ಕೇಳಿದ್ದೀಯ. ಅವನು ಹೋಗಿ ಎರಡು ವರ್ಷ. ಗುರುಗಳು ಎದ್ದದ್ದೆಲ್ಲ ಕಟ್ಟುಕಥೆ ಅಂತ ಒಂದು ಮಾತು ಹೇಳಿ ಮನೆಗೆ ಹೋಗು ಅಂದನಂತೆ ನ್ಯಾಯಾಧೀಶ. ಇವನು, "ನಮ್ಮಮ್ಮ ಕಣ್ಣಾರೆ ಕಂಡಿದ್ದಾಳೆ" ಅಂದನಂತೆ. ಅಷ್ಟಕ್ಕೇ ಕೊಂದರು. ನಾನೇ ಬಣ್ಣ ಹಾಕಿಕೊಟ್ಟ ಅಂಗಿಯೊಂದನ್ನು ವಾಪಸ್ಸು ಕೊಟ್ಟರು. ಹೊಟ್ಟೆಯಲ್ಲಿ ಬೆಂಕಿ ಕಣೇ, ಯಾವ ಪ್ರಾರ್ಥನೆಗೂ ಆರೋದಿಲ್ಲ.

ನಿನ್ನ ಮೊಮ್ಮಕ್ಕಳು ನೂರು ಕಾಲ ಬಾಳಲಿ. ನಿನ್ನ ಮಂಡಿನೋವು ನನಗಿರಲಿ.

ನಿನ್ನ
ಬಣ್ಣದವಳು

ಇದನ್ನು ಮರೆತಿದ್ದೆ ಅನ್ನಲಾರೆ, ಮೇಲೆ ಬರೆಯೋಕೆ ಧೈರ್ಯ ಬರಲಿಲ್ಲ. ಅವತ್ತು ಸಮಾಧಿಗೆ ಹೋಗುವ ದಾರಿಯ ತಿರುವಿನಲ್ಲಿ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತು ನಾನಲ್ಲೇ ಕೂತೆನಲ್ಲ. ನೀವೆಲ್ಲ ಮುಂದೆ ಹೋದಿರಿ. ನೀವು ಓಡಿಬಂದಿರಿ, ನಾನೂ ಓಡಿದೆ. ಜನ ಕೇಳಿದಾಗ ‘ಕಂಡೆವು’ ಅಂದೆ. ಮಗನಿಗೆ ತೊಟ್ಟಿಲಲ್ಲೇ ‘ಕಂಡೆ’ ಅಂದೆ. ಅವನನ್ನು ಎಳೆದುಕೊಂಡು ಹೋದಾಗಲೂ ಬಾಯಿಬಿಡಲಿಲ್ಲ. ನೀನು ನಿಜವಾಗಿ ಇಣುಕಿದೆಯೇನೇ? ಇಣುಕಿದ್ದರೆ ಒಂದೇ ಒಂದು ಸಾಲು ಬರಿ. ಇಲ್ಲದಿದ್ದರೆ ಬರೀಬೇಡ. ನಿನ್ನ ಓಲೆ ದಾರಿಯಲ್ಲೆಲ್ಲೋ ಕಳೆದುಹೋಯಿತು ಅಂದುಕೊಂಡು ಸಾಯುತ್ತೇನೆ.