ಅಪ್ಪನ ದನಿಯ ಎರಡು ಸಂಖ್ಯೆ

ಮನೆಯಿಂದ, ಊಟದ ಮೇಜಿನ ಕಿಟಕಿ ಬದಿ
ಮಾರ್ಚ್ ೧೪, ಗುರುವಾರ

ಮುದ್ದಿನ ಬಿಚ್ಚಪ್ಪನಿಗೆ,

ಅಮ್ಮನ ಆಶೀರ್ವಾದ. ಹಡಗಿನ ಹೊಟ್ಟೆಯೊಳಗೆ ಕೂತು ವೈರು ಜೋಡಿಸುವ ನಿನ್ನ ಹೊಟ್ಟೆ ಹೇಗಿದೆ? ಅಲೆ ಎದ್ದಾಗಲೆಲ್ಲ ಉಂಡದ್ದೂ ಎದ್ದು ಬರುತ್ತದೆ ಎಂದಿದ್ದೆಯಲ್ಲ. ಸುಟ್ಟ ಹೆಬ್ಬೆರಳಿಗೆ ಮುಲಾಮು ಹಚ್ಚುತ್ತಿದ್ದೀಯಾ, ಇಲ್ಲ ಗ್ರೀಸನ್ನೇ ಮುಲಾಮು ಅಂದುಕೊಂಡಿದ್ದೀಯಾ? ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಹರವಿ ಅಪ್ಪನಿಂದ ಈ ಬಿರುದು ಪಡೆದವನು ನೀನು. ನಿನ್ನ ಮೈಯನ್ನಾದರೂ ಬಿಚ್ಚದೆ ಕಾಪಾಡಿಕೊ. ನನ್ನ ಮಂಡಿ ಎಂದಿನಂತೆ ಮಂಡಿಸಿಟ್ಟ ಮಸೂದೆ. ಅಂಗೀಕಾರವೂ ಇಲ್ಲ, ತಿರಸ್ಕಾರವೂ ಇಲ್ಲ.

ಅಪ್ಪ ಚೆನ್ನಾಗಿಲ್ಲ. ನಿನ್ನ ಸಂದೇಶ ಓದಿದೆ. ಚಿಕ್ಕಪ್ಪ ಕಳಿಸಿದ ರೆಕಾರ್ಡಿಂಗಿನಲ್ಲಿ ಅಪ್ಪನ ಮಾತಾಡುವ ಡಬ್ಬ “ಮಗನೇ, ನಿನ್ನ ಮೇಲೆ ನನಗೆ ಕೋಪವಿಲ್ಲ, ಬೇಗ ಬಾ” ಎಂದದ್ದನ್ನು ಕೇಳಿ, ಮುಂದಿನ ಬಂದರಿನಲ್ಲೇ ಕೆಲಸ ಬಿಟ್ಟು ಹೊರಡುತ್ತೇನೆ ಎಂದಿದ್ದೀಯ. ಅಷ್ಟರಲ್ಲಿ ನಿನ್ನ ಹಡಗು ಫೋನ್ ಸಿಗ್ನಲ್ ಸಿಗುವ ದೂರ ದಾಟಿತು. ಅದಕ್ಕೇ ಈ ಕಾಗದವನ್ನು ಆ ಬಂದರಿನ ಏಜೆಂಟರಿಗೆ ಕೊರಿಯರ್ ಮಾಡುತ್ತಿದ್ದೇನೆ. ಫೋನಿಗೆ ಕಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ವಿಷಯ ನೀರುಪಾಲಾಗುತ್ತದೆ. ನಡೆದದ್ದನ್ನು ಕ್ರಮವಾಗಿ ಓದು. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಟ್ಟವಳು ನಾನು, ಮನೆಯಲ್ಲಿ ಒಬ್ಬರೂ ಕಲಿಯಲಿಲ್ಲ ಅಷ್ಟೆ.

ಡಬ್ಬ ಸತ್ತದ್ದು ಹೋದ ತಿಂಗಳು. “ಉಪ್ಪು ಜಾ” ಎಂದಿತು, “ಸ್ತಿ” ಎನ್ನುವ ಮೊದಲೇ ಹಿಂದಿನಿಂದ ಹೊಗೆ. ನೀನು ತಂದಿಟ್ಟ ದಿನದಿಂದ ಅಪ್ಪ ಅದನ್ನು “ನಿನ್ನ ಮಗನ ಡಬ್ಬ” ಎಂದೇ ಬೈದವರು, ಬೈಯುವುದಕ್ಕೂ ಅದೇ ಬೇಕಿತ್ತು ಅನ್ನುವುದು ಬೇರೆ ಮಾತು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಇಡೀ ಊರನ್ನು ದನಿಯಿಂದಲೇ ಬಸ್ಸಿಗೆ ಹತ್ತಿಸಿದ ಮನುಷ್ಯ. ಗಂಟಲಲ್ಲಿ ಗಡ್ಡೆ ಎಂದಾಗ, “ಗಂಟಲು ಹೋದ್ರೆ ನಾನೇ ಹೋದ ಹಾಗೆ, ಕತ್ತರಿ ಹಾಕಿಸ್ಬೇಡಿ” ಎಂದಿದ್ದರು. ಅವರಿಗೆ ಎಚ್ಚರ ತಪ್ಪಿದಾಗ ನೀನು ಆಪರೇಷನ್ನಿಗೆ ಸಹಿ ಹಾಕಿದೆ. ಜೀವ ಉಳಿಯಿತು, ಗಂಟಲು ಹೋಯಿತು. ಟೈಪ್ ಮಾಡಿದ್ದನ್ನು ಓದಿ ಹೇಳುವ ಆ ಹಳೇ ಕಂಪ್ಯೂಟರನ್ನು ಎಲ್ಲಿಂದಲೋ ತಂದೆ. ನಿಲ್ದಾಣದಲ್ಲಿ ಅವರು ಕೂಗಿದ್ದ ಕ್ಯಾಸೆಟ್ ಕೇಳುತ್ತಾ, ಕಿವಿ ತಿರುಚಿದ ಹಾಗೆ ಅದರ ದನಿಯನ್ನು ತಿರುಚಿ ತಿರುಚಿ ಅಪ್ಪನ ದನಿಯ ಹತ್ತಿರ ತಂದು ನಿಲ್ಲಿಸಿದೆ. ಅದರ ಬಾಯಲ್ಲಿ ಅವರು ಆಡಿದ ಮೊದಲ ಮಾತು, “ನಿನ್ನನ್ನ ಯಾರು ಕೇಳಿದ್ರು?” ನೀನು ಹಡಗು ಹತ್ತಿದೆ. ನಾಲ್ಕು ವರ್ಷ ಅವರು ನಿನ್ನ ಹೆಸರನ್ನಾಗಲಿ ಬಿರುದನ್ನಾಗಲಿ ಟೈಪ್ ಮಾಡಲಿಲ್ಲ.

ರಿಪೇರಿಯವನು ಡಬ್ಬ ಬಿಚ್ಚಿ ನೋಡಿ, “ಅಮ್ಮಾ, ಇದಕ್ಕೂ ನಿಮ್ಮ ಮಂಡಿಗೂ ಬಿಡಿಭಾಗ ಸಿಗಲ್ಲ” ಎಂದ. ಡಿಸ್ಕಿನಲ್ಲಿ ಉಳಿದಿದ್ದಷ್ಟನ್ನು ಹೊಸ ಲ್ಯಾಪ್‌ಟಾಪಿಗೆ ಇಳಿಸಿಕೊಟ್ಟ. ಕೆಲವು ಫೈಲು ಹಾಳಾಗಿದ್ದವು. ಹೊಸದರಲ್ಲೇ ಮಾತಾಡುವ ದನಿಗಳಿವೆಯಲ್ಲ, ಹಾಕಿ ತೋರಿಸಿದೆ. ಜೇನು ಸವರಿದ ಸಾಬೂನಿನ ಜಾಹೀರಾತಿನ ದನಿ. ಅಪ್ಪ ಮುಚ್ಚಳ ಮುಚ್ಚಿದರು. ಮುಚ್ಚಿದವರು ವಾರವೆಲ್ಲ ಗೋಡೆ ನೋಡುತ್ತಾ ಕೂತರು. ಬೈಯದ ಗಂಡನನ್ನು ಕಂಡು ನನಗೆ ಮೊದಲ ಸಲ ಭಯವಾಯಿತು.

ಹಾಗಾಗಿ ಎಮ್ಯುಲೇಟರಿಗೆ ಕೈ ಹಾಕಿದೆ. ಹೊಸ ಕಂಪ್ಯೂಟರು ಹಳೆಯದರ ವೇಷ ಹಾಕಿ, ಹಳೇ ಪ್ರೋಗ್ರಾಮನ್ನು ನಂಬಿಸುವುದು. ಮದುವೆಯಾದ ಹೊಸತರಲ್ಲಿ ನಿನ್ನಜ್ಜಿಯ ಮುಂದೆ ನಾನು ಮಾಡಿದ್ದೂ ಅದೇ. ಮೊದಲ ದಿನ ಕಪ್ಪು ಪರದೆ, ಬಿಳಿ ಅಕ್ಷರ, ಸದ್ದೇ ಇಲ್ಲ. ಪ್ರೋಗ್ರಾಮು ಸೌಂಡ್ ಕಾರ್ಡನ್ನು ಒಂದು ಕಡೆ ಹುಡುಕುತ್ತಿತ್ತು, ಎಮ್ಯುಲೇಟರು ಇನ್ನೊಂದು ಕಡೆ ಇಟ್ಟುಕೊಂಡಿತ್ತು, ಥೇಟ್ ಅಪ್ಪ ಮತ್ತು ಅವರ ಕನ್ನಡಕ. ಇಬ್ಬರಿಗೂ ಒಂದೇ ವಿಳಾಸ, ಅಂದರೆ ಒಂದೇ ಪೋರ್ಟ್ ಬರೆದುಕೊಟ್ಟೆ. ನಿನಗೂ ಪೋರ್ಟು, ನನಗೂ ಪೋರ್ಟು. ನಿನ್ನದರಲ್ಲಿ ಹಡಗಾದರೂ ನಿಲ್ಲುತ್ತದೆ. ಆಮೇಲೆ ದನಿ ಬಂತು, ಬಾಲಕ್ಕೆ ಬೆಂಕಿ ಹತ್ತಿದ ಅಳಿಲಿನ ಹಾಗೆ. ಹಳೇ ಪ್ರೋಗ್ರಾಮಿಗೆ ಹೊಸ ಯಂತ್ರದ ವೇಗ ತಡೆಯಲಿಲ್ಲ. ವೇಗ ಇಳಿಸಿದೆ, ಕುಡುಕನ ದನಿಯಾಯಿತು. ಸ್ವಲ್ಪ ಏರಿಸಿದೆ, ಉಗ್ಗಿತು. ದನಿಯನ್ನು ಮುಂಚಿತವಾಗಿ ಕೂಡಿಡುವ ಬಫರ್ ದೊಡ್ಡದು ಮಾಡಿದ ಮೇಲೆ ಉಗ್ಗು ನಿಂತು, ನೆಟ್ಟಗೆ ಒಂದು ವಾಕ್ಯ ಹೇಳಿತು. ನಾನೊಬ್ಬಳೇ ಚಪ್ಪಾಳೆ ತಟ್ಟಿದೆ.

ಅಪ್ಪ ಬಂದು ಕೂತರು. ಏನೋ ಟೈಪ್ ಮಾಡಿದರು, ಕೇಳಿದರು, ತಲೆ ಅಲ್ಲಾಡಿಸಿ ಎದ್ದು ಹೋದರು. ಮರುದಿನ ಬೆಳಿಗ್ಗೆ ಬಲಗೈಯಿಂದ ಲೋಟ ಜಾರಿತು, ಆಮೇಲೆ ಬಲಗೈಯೇ ಜಾರಿತು. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ತಂದಿದ್ದೇವೆ. ಇನ್ನೊಂದು ಹೊಡೆತ ಬಿದ್ದರೆ ತಡೆಯೋದು ಕಷ್ಟ ಎಂದರು ಡಾಕ್ಟರು. ಡಬ್ಬಕ್ಕೆ ಬಾಯಿ ಬಂತು, ಅವರಿಗೆ ಕೈ ಹೋಯಿತು. ಈ ತಮಾಷೆ ನನ್ನದಲ್ಲ, ಯಾರದೆಂದು ಗೊತ್ತಾದರೆ ಕಪಾಳಕ್ಕೆ ಬಾರಿಸುತ್ತೇನೆ. ಮಂಚದ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಟಿದ್ದೇನೆ. ಅವರು ಅದರ ಕಡೆ ನೋಡುತ್ತಾರೆ, ನಾನು ಅವರ ಕಡೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕರೆಂಟು ಹರಿಯುವ ತಂತಿಯ ಹತ್ತಿರ ಜಂಬ ಬೇಡ. ಎಲ್ಲಿದ್ದರೂ ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದುಕೊ.

ಇತಿ,
ನಿನ್ನ ಅಮ್ಮ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ. ಆ ರೆಕಾರ್ಡಿಂಗು ಅಪ್ಪನದಲ್ಲ. ಕೈ ಬಿದ್ದುಹೋದ ಮೂರನೇ ದಿನ ನಿನ್ನ ಚಿಕ್ಕಪ್ಪನೇ ಟೈಪ್ ಮಾಡಿದ್ದು. “ಅತ್ತಿಗೆ, ಅಣ್ಣನ ಮನಸ್ಸಲ್ಲಿ ಇರೋದನ್ನೇ ಹೇಳ್ಸಿದೀನಿ” ಅಂದ. ಮನಸ್ಸಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ, ಇವನಿಗೆ ಹೇಗೆ ಗೊತ್ತು? ನೀನು ಸುಳ್ಳು ನಂಬಿ ಬರುವುದು ಬೇಡ. ಕೈ ಇದ್ದಾಗ, ಕೊನೆಯ ಸಲ, ಅಪ್ಪ ನಿಜವಾಗಿ ಟೈಪ್ ಮಾಡಿದ್ದು ಇಷ್ಟೇ: “ಇದು ನನ್ನ ದನಿ ಅಲ್ಲ. ಬಿಚ್ಚಪ್ಪನ್ನ ಕೇಳು.” ನೀನು ಕೂರಿಸಿದ ದನಿಯ ಎತ್ತರ ಮತ್ತು ವೇಗದ ಸಂಖ್ಯೆಗಳಿದ್ದ ಫೈಲು ಹಾಳಾಗಿದೆ. ಈಗ ಇರುವುದು ಯಾರದೋ ದನಿ. ಹೊಂದಿಸಿದವನು ನೀನೇ, ರೆಕಾರ್ಡಿಂಗು ಕೇಳಿದಾಗ ನಿನಗೂ ತಿಳಿದಿರಬೇಕು. ತಿಳಿದೂ ಹೊರಟೆ ಅಲ್ಲವೇನೋ? ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಸಿಗ್ನಲ್ ಸಿಕ್ಕ ಕೂಡಲೇ ಆ ಎರಡು ಸಂಖ್ಯೆ ಕಳಿಸು, ನೀನು ಬರುವುದಕ್ಕೆ ಮುಂಚೆ ಅವು ಬರಲಿ. ಅವರ ಎಡಗೈಯ ತೋರುಬೆರಳು ಇನ್ನೂ ಆಡುತ್ತಿದೆ, ಕೀಲಿ ಒತ್ತುವಷ್ಟು.