ಅಗಸಿ ಕಲ್ಲಿನ ಮೇಲಿನ ಗೆರೆ

ಕೊಣ್ಣೂರು
ಬುಧವಾರ, ೧೨ ಫೆಬ್ರುವರಿ ೨೦೨೫

ಮಗಳೇ ನಿಲೋಫರ,

ನಿನಗೂ ರಿಯಾಜನಿಗೂ ನನ್ನ ಸಲಾಮು. ಪುಟ್ಟ ಯಾಸ್ಮಿನಳ ಎರಡೂ ಗಲ್ಲಕ್ಕೆ ಒಂದೊಂದು ಮುತ್ತು. ಅವಳಿಗೆ ಹಲ್ಲು ಬರುತ್ತಿವೆ ಎಂದೆಯಲ್ಲ, ಸಂತೆಯ ಪ್ಲಾಸ್ಟಿಕ್ ಆಟಿಗೆ ಬಾಯಿಗೆ ಕೊಡಬೇಡ.

ಮುಂಜಾನೆ ಫೋನಿನಲ್ಲಿ ಮಾತಾಡಿದವಳು ಸಂಜೆಗೆ ಕಾಗದ ಬರೆಯಲು ಕೂತಿದ್ದಾಳೆ, ಅಮ್ಮಿಗೆ ಏನಾಗಿದೆ ಎಂದು ನೀನು ನಗುತ್ತೀಯ. ನಗು. ಫೋನಿನಲ್ಲಾದರೆ ನೀನು ನಡುವೆ ‘ಒಂದ್ ನಿಮಿಷ ಅಮ್ಮಿ’ ಎನ್ನುತ್ತೀಯ, ಅಷ್ಟಕ್ಕೇ ನನ್ನ ಧೈರ್ಯ ಹೋಗಿಬಿಡುತ್ತದೆ. ನಿಮ್ಮ ಮನೆ ಕಟ್ಟುವ ಗೌಂಡಿ ಕಾಶೀಂಸಾಬ ನಾಳೆ ನರೇಗಲ್ಲಿಗೆ ಬರುವವನಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಅವನ ಎದುರಿಗೆ ಒಡೆಯಬೇಡ.

ನಿನ್ನ ಶಾಲೆಯ ಮಕ್ಕಳು ಮಲಪ್ರಭೆಯ ಮೇಲೆ ಪುಸ್ತಕ ಮಾಡುತ್ತಿದ್ದಾರೆ, ಹೊಳೆ ನಮ್ಮ ನೆಲಕ್ಕೆ, ಚರಿತ್ರೆಗೆ, ಹಾಡಿಗೆ ಏನು ಕೊಟ್ಟಿತು, ಬರೆದು ಕಳಿಸು ಎಂದಿದ್ದೆ. ಏಳನೇ ಇಯತ್ತೆ ಓದಿದವಳಿಗೆ ಕೇಳುವ ಪ್ರಶ್ನೆಯೇ ಇದು? ಆದರೂ ತಿಳಿದಷ್ಟು ಬರೆಯುತ್ತೇನೆ.

ದಂಡೆಯ ಎರೆಮಣ್ಣು ಹೊಳೆಯೇ ತಂದು ಹಾಕಿದ್ದು. ಒಂದು ವರ್ಷ ಆಚೆ ದಂಡೆಯವರ ಹೊಲ ಕಿತ್ತು ನಮ್ಮ ಕಡೆ ಹಾಕುತ್ತದೆ, ಇನ್ನೊಂದು ವರ್ಷ ನಮ್ಮದನ್ನು ಅವರಿಗೆ ಕೊಡುತ್ತದೆ. ತಲಾಟಿ ನಕಾಶೆ ಹಿಡಿದು ಬಂದು ತಲೆ ಕೆರೆದುಕೊಂಡು ಹೋಗುತ್ತಾನೆ. ಮುಶಿಗೇರಿಯ ನಿನ್ನ ಅತ್ತೆ ಮನೆಯವರು ಮಳೆಗಾಗಿ ಮುಗಿಲು ನೋಡುತ್ತಾರೆ, ನಾವು ಮುಗಿಲು ಕಪ್ಪಾದರೆ ಹೊಳೆ ನೋಡುತ್ತೇವೆ.

ಹಾಡು ಬೇಕೆಂದರೆ ಯಂಕವ್ವನದು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ನಾನು ಕೂಲಿಗೆ ಹೋದಾಗ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಜೋಳ ಬೀಸುತ್ತ ಹಾಡಿದವಳು. ನಿನಗೆ ನೆನಪಿದೆಯೋ ಇಲ್ಲವೋ:

ಹೊಳಿಯವ್ವ ಬರತಾಳ ಹೇಳದ ಕೇಳದ,
ಕುಂಡ್ರಾಕ ಜಾಗ ಕೊಡು ಅಂತಾಳ, ಕೊಟ್ಟರ
ಮನಿಯೆಲ್ಲ ನಂದ ಅಂತಾಳ.

ಇದನ್ನು ಪುಸ್ತಕಕ್ಕೆ ಹಾಕು, ಅವಳ ಹೆಸರನ್ನೂ ಹಾಕು. ೨೦೧೯ರ ಮಹಾಪೂರದಲ್ಲಿ ತೀರಿಕೊಂಡಳು ಎಂದು ಬರೆ. ಹೇಗೆ ತೀರಿಕೊಂಡಳೆಂದು ಬರೆಯಬೇಡ. ಹೊಳೆ ನೋಡಲು ಹೋಗಿ ಕಾಲು ಜಾರಿದಳು ಎಂದು ಊರವರು ಹೇಳುತ್ತಾರೆ. ಅವಳ ಮಗ ಪರಶಪ್ಪನೂ ‘ಊರ ಬಿಟ್ಟ ಬರಲಿಲ್ರಿ, ನಮ್ಮವ್ವನ ಹಟಾನ ಆಕಿನ್ನ ತಿಂತ್ರಿ’ ಎನ್ನುತ್ತಾನೆ.

ಇನ್ನು ಚರಿತ್ರೆ. ಊರ ಬಾಗಿಲಿಗಿರುವ ನಮ್ಮ ಅಗಸಿಯ ಕಂಬಗಲ್ಲು ನಿನಗೆ ಗೊತ್ತು. ದೊಡ್ಡ ಹೊಳೆ ಬಂದಾಗಲೆಲ್ಲ ನಿಮ್ಮ ಅಬ್ಬಾನ ಮನೆತನದ ಕಲ್ಲುಕುಟಿಗರು ಅದರ ಮೇಲೆ ಗೆರೆ ಕೊರೆಯುತ್ತಾ ಬಂದಿದ್ದಾರೆ. ಕೊರೆಯುವವನು ತಾನೇ ಜಾಗ ಆರಿಸುವಂತಿಲ್ಲ. ನೀರು ಏರಿ ನಿಂತದ್ದನ್ನು ಕಣ್ಣಾರೆ ಕಂಡವರು ಬಂದು ಬೆರಳಿಡಬೇಕು, ಆ ಬೆರಳಿನ ಕೆಳಗೆ ಉಳಿ ಹಿಡಿಯಬೇಕು. ನಾನು ಮದುವೆಯಾಗಿ ಬಂದಾಗ ನನ್ನ ಮಾವ ಎಲ್ಲಕ್ಕಿಂತ ಮೊದಲು ತೋರಿಸಿದ್ದು ಆ ಕಲ್ಲನ್ನು. ‘ಕುರಾನಿನ ಮ್ಯಾಲ ಆಣಿ ಮಾಡಿದಂಗ ಇದು, ಸುಳ್ಳ ಬೆರಳ ಇಡಬಾರದು’ ಎಂದಿದ್ದರು.

ನಿಲೋಫರ, ಆ ಕಲ್ಲಿನ ಎಲ್ಲಕ್ಕಿಂತ ಮೇಲಿನ ಗೆರೆ, ೨೦೧೯ರದು, ಸುಳ್ಳು. ನೀರು ಅದಕ್ಕಿಂತ ಮೂರು ಅಡಿ ಮೇಲೆ ನಿಂತಿತ್ತು.

ಹೋದ ಭಾನುವಾರ ರಿಯಾಜ ಮತ್ತು ಕಾಶೀಂಸಾಬ ಸೇರಿ ಅದೇ ಗೆರೆಯಿಂದ ನಮ್ಮ ಹಿತ್ತಲಿನವರೆಗೆ ನೀರು ತುಂಬಿದ ಪೈಪು ಎಳೆದು ಮಟ್ಟ ತೆಗೆದರು. ಗೆರೆಗಿಂತ ಒಂದು ಅಡಿ ಮೇಲೆ ಮನೆಯ ನೆಲಗಟ್ಟು ಬಂದರೆ ಸಾಕು ಎಂದು ಗೂಟಕ್ಕೆ ಸುಣ್ಣದ ಗುರುತು ಹಾಕಿದರು. ನಾನು ಚಹಾ ಕೊಡುತ್ತಿದ್ದೆ. ‘ಗೌಸುಸಾಬ ಕೊರದ ಗೆರಿ ಐತಿ, ಕಣ್ಣ ಮುಚ್ಚಿ ಕಟ್ಟಬಹುದ್ರಿ’ ಎಂದ ಕಾಶೀಂಸಾಬ, ನಿಮ್ಮ ಅಬ್ಬಾನ ಹೆಸರು ಹೇಳಿ. ನಾನು ಕಪ್ಪು ಬಸಿ ತೆಗೆದುಕೊಂಡು ಒಳಗೆ ಬಂದೆ. ಹೊಳೆ ಇನ್ನೊಮ್ಮೆ ಹಾಗೆ ಬಂದರೆ ಯಾಸ್ಮಿನ ಮಲಗುವ ಕೋಣೆಯಲ್ಲಿ ಎರಡು ಅಡಿ ನೀರು ನಿಲ್ಲುತ್ತದೆ.

ಹೀಗೇಕಾಯಿತು ಎಂದು ಕೇಳುತ್ತೀಯ. ನೀನು ಆಗ ಧಾರವಾಡದಲ್ಲಿ ಓದುತ್ತಿದ್ದೆ, ನಿನಗೆ ಗೊತ್ತಿಲ್ಲ. ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ನರಗುಂದ ರಸ್ತೆಯ ಶಾಲೆಗೆ ಹೋಗಿತ್ತು. ನಿಮ್ಮ ಅಬ್ಬಾ ಒಬ್ಬರೇ ಮಸೀದಿಯ ಮಾಳಿಗೆಯ ಮೇಲೆ ಉಳಿದಿದ್ದರು. ನೀರು ಮಧ್ಯಾಹ್ನ ಏರಿತು, ಸಂಜೆಗೆ ಇಳಿಯಿತು. ಆಮೇಲೆ ಮೂರು ದಿನ ಸುರಿದ ಮಳೆ ಗೋಡೆಗಳ ಕೆಸರನ್ನೆಲ್ಲ ತೊಳೆದುಹಾಕಿತು, ಎಷ್ಟೋ ಗೋಡೆಗಳು ಬಿದ್ದೇ ಹೋದವು. ಹೀಗಾಗಿ ಕಂಡವರೂ ಅಬ್ಬಾ, ಕೊರೆದವರೂ ಅಬ್ಬಾ. ಗೆರೆ ಮೇಲೆ ಬಿದ್ದರೆ ನಮ್ಮ ಓಣಿ ಮುಳುಗಡೆಯ ಪಟ್ಟಿಗೆ ಸೇರುತ್ತದೆ, ಹೊಸ ಊರಿಗೆ ಹೋಗಿ ಎನ್ನುತ್ತಾರೆ ಎಂದು ಹೆದರಿ ಇಳಿಸಿ ಕೊರೆದರು. ಹೊಳೆ ಬಿಟ್ಟು ಇರಲಾರದ ಮನುಷ್ಯ. ಮಣ್ಣಿಗೆ ಹೋಗಿ ಎರಡು ವರ್ಷವಾಯಿತು, ಅವರನ್ನು ಕ್ಷಮಿಸು.

ಭಾನುವಾರ ಪಾಯ ತೋಡುವ ಮೊದಲು ರಿಯಾಜನಿಗೆ ಹೇಳು. ಸುಣ್ಣದ ಗುರುತಿಗಿಂತ ಮೂರು ಅಡಿ ಏರಿಸಬೇಕು. ಆಗದಿದ್ದರೆ ಅಲ್ಲಿ ಕಟ್ಟಲೇಬೇಡಿ. ರಂಜಾನಿಗಿಂತ ಮೊದಲು ಪಾಯ ಮುಗಿಯಬೇಕೆಂಬ ನಿನ್ನ ಅವಸರ ನನಗೆ ಗೊತ್ತು. ಕೂಸಿಗಿಂತ ದೊಡ್ಡ ಅವಸರ ಯಾವುದೂ ಇಲ್ಲ. ಮಕ್ಕಳ ಪುಸ್ತಕದಲ್ಲಿ ಕಲ್ಲಿನ ಉಳಿದ ಗೆರೆಗಳನ್ನು ಬೇಕಾದರೆ ಬರೆಸು, ಆ ಒಂದನ್ನು ಬಿಡು.

ಅಲ್ಲಾಹನು ನಿಮ್ಮನ್ನು ಸುಖವಾಗಿಡಲಿ.

ನಿನ್ನ ಅಮ್ಮಿ
ರಾಜಮಾ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಬಾಯಿಲ್ಲದ ಮನುಷ್ಯನ ಮೇಲೆ ಹೊರಿಸಿ ನಾನು ಕೈ ತೊಳೆದುಕೊಂಡೆ. ನಿಮ್ಮ ಅಬ್ಬಾ ಆ ವಾರ ಊರಲ್ಲೇ ಇರಲಿಲ್ಲ. ಗಜೇಂದ್ರಗಡಕ್ಕೆ ಕಲ್ಲಿನ ಕೆಲಸಕ್ಕೆ ಹೋದವರು ರಸ್ತೆ ಕಟ್ಟಾಗಿ ಅಲ್ಲೇ ಸಿಕ್ಕಿಕೊಂಡಿದ್ದರು. ಮಾಳಿಗೆಯ ಮೇಲೆ ಉಳಿದವಳು ನಾನು.

ಅವತ್ತು ಮುಂಜಾನೆ ಟ್ರ್ಯಾಕ್ಟರ್ ಬಂದಾಗ ಯಂಕವ್ವ ‘ಹೋಗ್ಲೇನ ರಾಜಮಾ?’ ಎಂದು ನನ್ನನ್ನೇ ಕೇಳಿದಳು. ‘ಹಳೀ ಗೆರಿ ದಾಟಿ ಹೊಳಿ ಎಂದೂ ಬಂದಿಲ್ಲ. ಈ ಮಣಕಾಲ ತಗೊಂಡು ಎಲ್ಲಿ ಹತ್ತತಿ? ಸುಮ್ನ ಕುಂತಿರು, ನಾನೂ ಇಲ್ಲೇ ಅದೀನಿ’ ಎಂದೆ. ಕುಟಿಗರ ಮನೆಯ ಸೊಸೆಯ ಸೊಕ್ಕು ಅದು, ಕಲ್ಲು ಹೇಳಿದ್ದೇ ಖರೆ ಎಂಬ ಸೊಕ್ಕು. ಮಧ್ಯಾಹ್ನ ನೀರು ಓಣಿಗೆ ನುಗ್ಗಿದಾಗ ಎಳೆದೆ, ಅವಳಿಗೆ ಏಳಲಾಗಲಿಲ್ಲ. ಕುಂತವಳ ಎದೆಮಟ್ಟ ಬಂದಾಗ ಅವಳ ಕೈ ಬಿಟ್ಟು ಮಸೀದಿಯ ಮೆಟ್ಟಿಲು ಹತ್ತಿದೆ. ಇಳಿಯುವ ನೀರು ಅವಳನ್ನು ಹೊಳೆಗೇ ಎಳೆದುಕೊಂಡು ಹೋಯಿತು.

ಅಬ್ಬಾ ಬಂದು ಉಳಿ ಹಿಡಿದು ನಿಂತಾಗ ಕಂಡವಳು ನಾನೊಬ್ಬಳೇ. ನೀರು ನಿಂತಿದ್ದಲ್ಲೇ ಬೆರಳಿಟ್ಟರೆ ಯಂಕವ್ವ ಮನೆಯೊಳಗೇ ಮುಳುಗಿದಳು ಎಂದು ಎಲ್ಲರಿಗೂ ತಿಳಿಯುತ್ತಿತ್ತು, ಯಾಕೆ ಹೋಗಲಿಲ್ಲ ಎಂದು ಕೇಳುತ್ತಿದ್ದರು. ನೀರು ಮನೆಯೊಳಗೆ ಬಂದೇ ಇಲ್ಲ ಎಂಬಂತೆ ಅವಳ ಹೊಸ್ತಿಲ ಮಟ್ಟಕ್ಕಿಂತ ಕೆಳಗೆ ಇಟ್ಟೆ. ‘ಇಲ್ಲೇನ?’ ಎಂದು ಅಬ್ಬಾ ಒಮ್ಮೆ ಕೇಳಿದರು. ಹೂಂ ಎಂದೆ. ಅವರು ಎರಡನೇ ಸಲ ಕೇಳಲಿಲ್ಲ.

ಭಾನುವಾರ ಪಾಯ ತೋಡಲು ಬರುವ ಆಳುಗಳಲ್ಲಿ ಪರಶಪ್ಪನೂ ಇದ್ದಾನೆ. ಅವನಿಗೆ ನಾನೇ ಹೇಳುತ್ತೇನೆ, ನೀನು ಬಂದು ನನ್ನ ಪಕ್ಕದಲ್ಲಿ ನಿಲ್ಲು. ಹೇಳುವುದು ಇಷ್ಟೇ: ನಿಮ್ಮವ್ವ ಹಟ ಮಾಡಲಿಲ್ಲಪ್ಪ, ನಾನು ಕುಂತಿರು ಅಂದೆ, ಕುಂತಿದ್ದಳು.